ಆಲಮಟ್ಟಿಯ ಮಾಸ್ತರು

ಜೂನ್ ಬಂತಂದರ ಸಾಲಿ ಸುರು, ಸಾಲಿ ಸುರು ಆತಂದರ ಅಂಗಡಿಕಾರರಿಗೆ ಒಂದು ಸಣ್ಣ ಸುಗ್ಗಿ. ಹುಲಕೋಟಿಯಿಂದ ಗದಗಿನ ತನಕ ಯಾವ ಅಂಗಡಿ ಮುಂದೆ ನಿಂತರೂ ನೋಟಬುಕ್ಕಿನ ಕಟ್ಟು, ಖಾಕಿ ಹಾಳಿಯ ಸುರುಳಿ, ಹೆಸರು ಬರೆದು ಅಂಟಿಸುವ ಚೀಟಿ ಕಾಣುತ್ತವೆ. ಹೊಸ ವಹಿಯ ಮೊದಲ ಪುಟದ ಮೇಲೆ ಮಗ ಅಥವಾ ಮಗಳು ಮುತ್ತು ಪೋಣಿಸಿದ ಹಾಗೆ ಹೆಸರು ಬರೆಯುವುದನ್ನು ನೋಡಿ ತಂದೆತಾಯಿಗಳ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಆಗಸ್ಟ್ ಹದಿನೈದರ ಹೊತ್ತಿಗೆ ಅದೇ ವಹಿಯ ಕಿವಿ ಮಡಚಿರುತ್ತದೆ, ರಟ್ಟು ಹರಿದಿರುತ್ತದೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿರುತ್ತದೆ.

ಆಗ ದೂರು ಸುರು. ಮಕ್ಕಳಿಗೆ ಶಿಸ್ತು ಇಲ್ಲ, ಮಾಸ್ತರರ ಅಂಜಿಕೆ ಇಲ್ಲ, ಮೊಬೈಲು ಬಂದು ಎಲ್ಲಾ ಕೆಟ್ಟು ಹೋತು ಎಂದು ಬಸ್ಸಿನಲ್ಲಿ ಕೂತವರು ಮಾತಾಡಿಕೊಳ್ಳುತ್ತಾರೆ. ಕೈಯಾಗಿನ ಬೆತ್ತ ಕಸಗೊಂಡು ಶಿಸ್ತು ಕಲಿಸ್ರಿ ಅಂದ್ರ ಹೆಂಗ ಎಂಬುದು ಮಾಸ್ತರರ ತಕರಾರು. ಅವರ ಮಾತೂ ಅಷ್ಟು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆತ್ತ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಈ ಅಂಕಣಕಾರನಿಗೆ ಎರಡು ಮಾತಿಲ್ಲ. ಆದರೆ ಬೆತ್ತ ಇದ್ದ ಜಾಗದಲ್ಲಿ ಏನು ಇಡಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರ ಇಲ್ಲ. ಬಹುಮಾನ ಇಡೋಣ ಎಂದು ಕೆಲವರು ಪೆನ್ನು, ಕಂಪಾಸ ಪೆಟ್ಟಿಗೆ ಹಂಚುತ್ತಾರೆ. ನೆಟ್ಟಗೆ ಬರೆದವನಿಗೆ ಒಂದು, ಸಮಯಕ್ಕೆ ಬಂದವನಿಗೆ ಒಂದು. ತಪ್ಪೇನಿಲ್ಲ. ಆದರೆ ಬಹುಮಾನ ಮುಗಿದ ಮರುದಿನ ಏನು?

ಈ ಪ್ರಶ್ನೆಯನ್ನು ತನ್ನ ಬಾಳೆಲ್ಲ ಹೊತ್ತುಕೊಂಡು ತಿರುಗಿದ ಒಬ್ಬ ಮಾಸ್ತರರ ಕಥೆ ಇಲ್ಲಿ ಹೇಳಬೇಕಾಗಿದೆ. ಹೆಸರು ಎಲ್ಲರೂ ಕೇಳಿದ್ದೇ: ಹರ್ಡೇಕರ ಮಂಜಪ್ಪ. ಕರ್ನಾಟಕದ ಗಾಂಧಿ ಎಂದು ಜನ ಕರೆದದ್ದು ಇವರನ್ನೇ. ಹೆಸರು ಗೊತ್ತು, ಮಾಡಿದ ಕೆಲಸ ಗೊತ್ತಿಲ್ಲ ಎನ್ನುವವರ ಪೈಕಿಯೇ ನಮ್ಮಲ್ಲಿ ಬಹಳ ಮಂದಿ. ಬಸವ ಜಯಂತಿಯ ಮೆರವಣಿಗೆಗೆ ಪಟ್ಟಿ ಕೊಡುವ ಅಂಗಡಿಕಾರರಿಗೂ ಆ ಮೆರವಣಿಗೆಯ ಬೇರು ಎಲ್ಲಿದೆ ಎಂಬುದು ಮರೆತುಹೋಗಿದೆ.

ಮಂಜಪ್ಪನವರು ಹುಟ್ಟಿದ್ದು 1886ರ ಫೆಬ್ರುವರಿ 18ರಂದು, ಬನವಾಸಿಯಲ್ಲಿ. ಕದಂಬರ ರಾಜಧಾನಿ, ಮಧುಕೇಶ್ವರನ ಗುಡಿ, ಸುತ್ತ ವರದಾ ನದಿ. ಊರಿಗೆ ಇತಿಹಾಸದ ಸಿರಿ ಇತ್ತು, ಮನೆಯಲ್ಲಿ ಮಾತ್ರ ಬಡತನ. ಆಗ ಆ ಸೀಮೆ ನಮ್ಮ ಗದಗಿನ ಹಾಗೆಯೇ ಮುಂಬಯಿ ಇಲಾಖೆಗೆ ಸೇರಿತ್ತು. ಆದ್ದರಿಂದ ಅವರು ಓದಿದ ಸಾಲಿಯ ರೀತಿ ನಮ್ಮ ಅಜ್ಜಂದಿರು ಓದಿದ ಸಾಲಿಯ ರೀತಿಯೇ. ಪಾಟಿ, ಬಳಪ, ಉರು ಹೊಡೆದ ಮಗ್ಗಿ, ಬಾಯಿಲೆಕ್ಕ, ಕೊನೆಗೆ ಮುಲ್ಕಿ ಪರೀಕ್ಷೆ. ಈಗಿನವರಿಗೆ ಮುಲ್ಕಿ ಅಂದ್ರ ಏನೂ ಅನ್ನಿಸಲಿಕ್ಕಿಲ್ಲ. ಆಗ ಮುಲ್ಕಿ ಪಾಸಾದವನು ಅಂದರೆ ಊರಿಗೆ ಊರೇ ತಿರುಗಿ ನೋಡುತ್ತಿತ್ತು. ಕಚೇರಿಯಲ್ಲಿ ಕಾರಕೂನಿಕೆ ಸಿಗಬಹುದು, ಇಲ್ಲದಿದ್ದರೆ ಸಾಲಿ ಮಾಸ್ತರಿಕೆ. ತಿಂಗಳಾ ತಿಂಗಳಾ ಸರಕಾರದ ರೊಕ್ಕ.

ಮಂಜಪ್ಪನವರು 1903ರಲ್ಲಿ ಮುಲ್ಕಿ ಮುಗಿಸಿ ಶಿರಸಿಯಲ್ಲಿ ಮಾಸ್ತರರಾದರು. ವಯಸ್ಸು ಹದಿನೇಳು. ಇವತ್ತಿನ ಲೆಕ್ಕದಲ್ಲಿ ಹತ್ತನೇ ಇಯತ್ತೆ ದಾಟಿ ಕಾಲೇಜಿನ ಬಾಗಿಲು ನೋಡುವ ಪೋರ. ಸಂಬಳ ಸಣ್ಣದು, ಆದರೆ ಬಡವರ ಮನೆಗೆ ಅದೇ ಆಧಾರ.

ಆ ಕಾಲದ ಸರಕಾರಿ ಸಾಲಿಗಳಲ್ಲಿ ನೀಟು, ಶಿಸ್ತು ಎಲ್ಲಾ ಇತ್ತು. ಯಾವಾಗ ಇತ್ತು? ಡೆಪ್ಯುಟಿ ಸಾಹೇಬರು ಪರೀಕ್ಷೆಗೆ ಬರುವ ದಿನ ಇತ್ತು. ಹಿಂದಿನ ದಿನ ನೆಲ ಸಾರಿಸುವುದೇನು, ಹುಡುಗರಿಗೆ ತಲೆ ಬಾಚಿಕೊಂಡು ಬರಲು ತಾಕೀತು ಮಾಡುವುದೇನು! ಸಾಹೇಬರ ಕುದುರೆ ಊರ ಹೊರಗಿನ ಹಳ್ಳ ದಾಟಿತೋ ಇಲ್ಲವೋ, ಮತ್ತೆ ಯಥಾಪ್ರಕಾರ. ಈಗ ಕುದುರೆ ಹೋಗಿ ಜೀಪು ಬಂದಿದೆ, ಉಳಿದದ್ದು ಬಹಳ ಬದಲಾಗಿಲ್ಲ ಎಂದು ಬಲ್ಲವರು ನಗುತ್ತಾರೆ. ನೋಡುವವರಿಗಾಗಿ ಮಾಡಿದ ನೀಟು ನೋಡುವವರ ಜೊತೆಗೇ ಎದ್ದು ಹೋಗುತ್ತದೆ. ಮಂಜಪ್ಪನವರು ಮುಂದೆ ಕಟ್ಟಿದ ಸಾಲಿ ಇದಕ್ಕೆ ತೀರ ಉಲ್ಟಾ ಇತ್ತು. ಅಲ್ಲಿಗೆ ಬರುವ ಮುಂಚೆ ಅವರು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬೇರೆ ಬೇರೆ ಹಾದಿ ತುಳಿದರು.

1905ನೆಯ ಇಸವಿ ನಮ್ಮ ಸೀಮೆಗೆ ಮರೆಯಲಾರದ ವರ್ಷ. ಆ ವರ್ಷ ಇಲ್ಲೇ ಹುಲಕೋಟಿಯ ನೆರೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ಹುಲಕೋಟಿಯ ಹುಲಿ ಕೆ. ಎಚ್. ಪಾಟೀಲರು ಮುಂದೆ ಸಹಕಾರದ ಹೊಲ ಬಿತ್ತಿ ಬೆಳೆದದ್ದು ಆ ಬೀಜದಿಂದಲೇ. ಅದೇ 1905ರಲ್ಲಿ ಇಂಗ್ಲೀಷ್ ಸರಕಾರ ಬಂಗಾಲವನ್ನು ಎರಡು ತುಂಡು ಮಾಡಿತು. ದೇಶದ ತುಂಬ ಸ್ವದೇಶಿಯ ಕೂಗು ಎದ್ದಿತು. ಪರದೇಶದ ಬಟ್ಟೆ ಬ್ಯಾಡ, ಪರದೇಶದ ಸಕ್ಕರೆ ಬ್ಯಾಡ. ಪುಣೆಯಿಂದ ಬರುತ್ತಿದ್ದ ಟಿಳಕರ ಕೇಸರಿ ಪತ್ರಿಕೆ ಶಿರಸಿಯ ಈ ಹರೆಯದ ಮಾಸ್ತರರ ಕೈಗೂ ಬಂತು. ಮನಸ್ಸು ಕಲಕಿತು. ಸರಕಾರದ ಅನ್ನ ತಿಂದು ಸರಕಾರದ ವಿರುದ್ಧ ಮಕ್ಕಳಿಗೆ ಏನು ಕಲಿಸುವುದು? 1906ರಲ್ಲಿ ಅವರು ನೌಕರಿಗೆ ರಾಜೀನಾಮೆ ಕೊಟ್ಟರು.

ಈ ರಾಜೀನಾಮೆಯನ್ನು ಚರಿತ್ರೆಕಾರರು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾರೆ. ಅಂಗಡಿ ನಡೆಸುವವರಿಗೆ, ತಿಂಗಳ ಪಗಾರದ ಮೇಲೆ ಮನೆ ನಡೆಸುವವರಿಗೆ ಅದು ಒಂದು ಸಾಲಿನ ಮಾತಲ್ಲ. ಇಪ್ಪತ್ತು ವರ್ಷದ ಮಗ, ಮನೆಗೆ ಆಧಾರವಾದವನು, ಬಂದ ಸರಕಾರಿ ನೌಕರಿಯನ್ನು ಬಿಟ್ಟು ಬಂದ ಎಂದರೆ ಮನೆಯಲ್ಲಿ ಏನಾಗಿರಬಹುದು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಡತೆ ಎಂಬ ಶಬ್ದವನ್ನು ನಾವು ಮಕ್ಕಳ ಪ್ರಗತಿಪತ್ರದಲ್ಲಿ ಉತ್ತಮ, ಸಾಧಾರಣ ಎಂದು ತುಂಬಿ ಬಿಡುತ್ತೇವೆ. ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಈ ಮಾಸ್ತರರು ಮೊದಲು ತೆತ್ತರು, ಕಲಿಸಲು ಕೂತದ್ದು ಆಮೇಲೆ.

ಶಿರಸಿ ಬಿಟ್ಟವರು ದಾವಣಗೆರೆಗೆ ಬಂದರು. ಅದು ಮೈಸೂರು ಸಂಸ್ಥಾನದ ಊರು, ಇಂಗ್ಲೀಷರ ನೇರ ಆಳ್ವಿಕೆಯ ಹೊರಗಿತ್ತು. ಅಲ್ಲಿ ಅಣ್ಣನ ನೆರವಿನಿಂದ 1906ರಲ್ಲಿಯೇ ಧನುರ್ಧಾರಿ ಎಂಬ ವಾರಪತ್ರಿಕೆ ಸುರು ಮಾಡಿದರು. ಸ್ವದೇಶಿಯ ಮಾತು, ಟಿಳಕರ ವಿಚಾರ, ಕನ್ನಡ ಓದುಗರಿಗೆ ತಿಳಿಯುವ ಹಾಗೆ ಬರೆದರು. ಪತ್ರಿಕೆಯ ಕೆಲಸ ಗೊತ್ತಿದ್ದವರಿಗೆ ಗೊತ್ತು, ಸೀಸದ ಮೊಳೆ ಒಂದೊಂದೇ ಆರಿಸಿ ಜೋಡಿಸಬೇಕು, ಒಂದು ಅಕ್ಷರ ತಲೆಕೆಳಗಾದರೆ ಓದುಗ ನಗುತ್ತಾನೆ. ಅಂಥ ಕೆಲಸ ವಾರ ವಾರ ಮಾಡುವುದೇ ಒಂದು ಸಾಲಿ. 1908ರಲ್ಲಿ ಮೈಸೂರು ಸರಕಾರವೂ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನು ತಂದಿತು. ವೃದ್ಧ ಪಿತಾಮಹ ಎನಿಸಿದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಗಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಧನುರ್ಧಾರಿಯ ಬಾಣಗಳಿಗೂ ಮೊದಲಿನ ಮೊನೆ ಉಳಿಯಲಿಲ್ಲ.

ರಾಜಕಾರಣದ ಬಾಗಿಲು ಮುಚ್ಚಿದಾಗ ಅವರು ಜನರ ನಡತೆಯ ಕಡೆ ತಿರುಗಿದರು. ಶ್ರಾವಣ ಮಾಸದಲ್ಲಿ ಭಜನೆ, ಪ್ರವಚನ. ದಾವಣಗೆರೆಯ ವಿರಕ್ತ ಮಠದ ಮೃತ್ಯುಂಜಯ ಸ್ವಾಮಿಗಳ ಜೊತೆ ಕೂಡಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ನಡೆಸಿದರು. ಟಿಳಕರು ಗಣಪತಿಯನ್ನು ಮನೆಯಿಂದ ಬೀದಿಗೆ ತಂದರು. ಮಂಜಪ್ಪನವರು ಬಸವಣ್ಣನನ್ನು ಮಠದಿಂದ ಪೇಟೆಗೆ ತಂದರು ಎಂದರೆ ಹೆಚ್ಚಾಗಲಿಕ್ಕಿಲ್ಲ. ಇವತ್ತು ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಡೊಳ್ಳು ಬಾರಿಸಿ ನಾವು ಮಾಡುವ ಜಯಂತಿಯ ಮೊದಲ ಹೆಜ್ಜೆ ಅದು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ಈ ಹಳೆಯ ಮಾಸ್ತರರ ಹೆಸರನ್ನು ನೆನೆದವರು ಎಷ್ಟು ಮಂದಿಯೋ!

ಮದುವೆ ಆಗಲಿಲ್ಲ. ಜೀವನಪರ್ಯಂತ ಬ್ರಹ್ಮಚರ್ಯದ ವ್ರತ ಹಿಡಿದರು. ಸಣ್ಣ ಸಣ್ಣ ಪುಸ್ತಕಗಳನ್ನು ಹತ್ತಾರು ಬರೆದರು. ಆರೋಗ್ಯ, ಶುಚಿ, ಸಂಯಮ, ಹೆಣ್ಣುಮಕ್ಕಳ ನೀತಿ, ಶರಣರ ವಿಚಾರ, ಎಲ್ಲಾ ಬಂತು. ಖರೆ ಹೇಳಬೇಕಂದರ ಇವತ್ತಿನ ಓದುಗರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅವುಗಳಲ್ಲಿನ ಎಷ್ಟೋ ಮಾತು ಹಳೆಯದಾಗಿ ಕಾಣುತ್ತವೆ. ಸಂಯಮದ ಮಾತು ಒಂದಿಷ್ಟು ಜಾಸ್ತಿಯೇ ಆಯಿತು ಎನ್ನುವವರನ್ನು ತಪ್ಪು ಎನ್ನಲಾಗದು. ಆದರೆ ಮನುಷ್ಯ ಬರೆದಂತೆ ಬದುಕಿದ, ಅಷ್ಟಕ್ಕೆ ಮಾತ್ರ ಎದುರಾಡುವವರಿಲ್ಲ.

ಅಷ್ಟರಲ್ಲಿ ಗಾಂಧೀಜಿ ಬಂದರು. ಮಂಜಪ್ಪನವರು ಗಾಂಧೀಜಿಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಮೊದಮೊದಲಿಗರಲ್ಲಿ ಒಬ್ಬರು. 1920ರ ದಶಕದ ಆರಂಭದಲ್ಲಿ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಸತ್ಯಾಗ್ರಹ ಆಶ್ರಮ ಕಟ್ಟಿದರು. ಸಾಬರಮತಿಗೂ ಹೋಗಿ ನೋಡಿ ಬಂದರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಅಲ್ಲಿ ಸ್ವಯಂಸೇವಕರ ದಳ ಕಟ್ಟಿ ನಿಲ್ಲಿಸಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು, ಸೇವಾದಳದವರು. ಅವರೂ ದೊಡ್ಡವರೇ. ಆದರೆ ಅವರು ಬ್ಯಾರೆ, ಇವರು ಬ್ಯಾರೆ. ಹೆಸರಿನ ಹೋಲಿಕೆಯಿಂದ ಭಾಷಣಕಾರರು ಇಬ್ಬರನ್ನೂ ಕೂಡಿಸಿ ಒಬ್ಬರನ್ನು ಮಾಡಿಬಿಡುವುದುಂಟು. ಬೆಳಗಾವಿಯ ಆ ಅಧಿವೇಶನದಲ್ಲಿ ಓದಿದ, ಮೇಲ್ಜಾತಿಯ ಹುಡುಗರು ಕೂಡ ಕಸಬರಿಗೆ ಹಿಡಿದು ನಿಂತದ್ದು ಕರ್ನಾಟಕಕ್ಕೆ ಹೊಸ ನೋಟ. ಸ್ವಚ್ಛ ಮಾಡುವುದು ಯಾರದೋ ಜಾತಿಯ ಪಾಲಿನ ಕೆಲಸ ಎಂಬ ಹಳೆಯ ಲೆಕ್ಕಕ್ಕೆ ಅಲ್ಲಿ ಒಂದು ಗೀರು ಬಿತ್ತು.

ಗಾಂಧೀಜಿಗೂ ಅಕ್ಷರಕ್ಕೂ ಒಂದು ಸಂಬಂಧ ಇದೆ. ತಮ್ಮ ಕೈಬರಹ ಚಂದ ಇಲ್ಲ ಎಂದು ಅವರು ಆತ್ಮಕಥೆಯಲ್ಲಿ ಬಹಳ ಹಳಹಳಿಸಿದ್ದಾರೆ. ಚಿಕ್ಕಂದಿನಲ್ಲಿ ಬರಹ ಮುಖ್ಯ ಅಲ್ಲ ಎಂದು ಅಲಕ್ಷ್ಯ ಮಾಡಿದ್ದರಂತೆ; ದಕ್ಷಿಣ ಆಫ್ರಿಕದಲ್ಲಿ ಇತರರ ಮುತ್ತಿನಂಥ ಅಕ್ಷರ ಕಂಡಾಗ ನಾಚಿಕೆ ಬಂತು, ತಿದ್ದಿಕೊಳ್ಳಲು ಹೋದರು, ಹೊತ್ತು ಮೀರಿತ್ತು. ಮಕ್ಕಳಿಗೆ ಮೊದಲು ಚಿತ್ರ ಬಿಡಿಸುವುದನ್ನು ಕಲಿಸಿ ಆಮೇಲೆ ಅಕ್ಷರಕ್ಕೆ ಕೈ ಹಚ್ಚಿಸಬೇಕು ಎಂದು ಅವರು ಅಭಿಪ್ರಾಯಪಟ್ಟರು. ನೆಟ್ಟಗಿನ ಬರಹ ಮಹಾತ್ಮರಿಗೇ ಒಗ್ಗಲಿಲ್ಲ ಎಂದು ನಮ್ಮ ಹುಡುಗರು ಇದನ್ನೊಂದು ನೆಪ ಮಾಡಿಕೊಳ್ಳಬಾರದು ಅಷ್ಟೇ.

1927ರಲ್ಲಿ ಮಂಜಪ್ಪನವರು ಆಲಮಟ್ಟಿಗೆ ಬಂದು ವಿದ್ಯಾಲಯ ಕಟ್ಟಿದರು. ಇಲ್ಲಿಂದ ಕೊನೆಯವರೆಗೆ ಅದೇ ಅವರ ಮನೆ, ಅದೇ ಅವರ ಮಠ. ನಮಗೆ ಆಲಮಟ್ಟಿ ದೂರದ ಊರಲ್ಲ. ಹುಲಕೋಟಿ ಸ್ಟೇಶನ್ನಿನಲ್ಲಿ ರೈಲು ಹತ್ತಿ ಗದಗಿಗೆ ಬಂದು ಗಾಡಿ ಬದಲಿಸಿದರೆ ಹೊಳೆಆಲೂರು, ಬಾದಾಮಿ, ಬಾಗಲಕೋಟೆ ದಾಟಿ ಸೊಲ್ಲಾಪುರದ ಕಡೆಗೆ ಹೋಗುವ ದಾರಿಯಲ್ಲಿ ಕೃಷ್ಣೆಯ ದಂಡೆಗೆ ಆಲಮಟ್ಟಿ ಬರುತ್ತದೆ. ಆಗ ಅದು ಬಿಜಾಪುರ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಬಸವಣ್ಣ ಹುಟ್ಟಿದ ಬಾಗೇವಾಡಿ ಅಲ್ಲಿಗೆ ಹತ್ತಿರ. ಪೇಟೆಯ ಗದ್ದಲ ಇಲ್ಲ, ಹೊಳೆಯ ನೀರು ಇದೆ, ದುಡಿಯಲು ನೆಲ ಇದೆ.

ಅಲ್ಲಿಯ ಪದ್ಧತಿ ತಿಳಿಯಬೇಕಾದರೆ ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಬಹುದು. 1944ರಲ್ಲಿ ತೀರಿಕೊಂಡ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಜೊತೆಗಿಟ್ಟುಕೊಂಡು ಸಂಗೀತ ಕಲಿಸಿದರು. ಹತ್ತಕ್ಕೆ ಬಂದು ಐದಕ್ಕೆ ಮನೆಗೆ ಹೋಗುವ ಗುರು ಅಲ್ಲ. ಉಂಡಲ್ಲಿ, ಮಲಗಿದಲ್ಲಿ, ಎದ್ದಲ್ಲಿ ಜೊತೆಗೆ ಇರುವ ಗುರು. ಆಲಮಟ್ಟಿಯ ಮಾಸ್ತರರೂ ಹಾಗೆಯೇ. ಅಲ್ಲಿ ಸಂಗೀತದ ಜಾಗದಲ್ಲಿ ದುಡಿಮೆ ಇತ್ತು. ಹುಡುಗರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು, ಖಾದಿ ಉಡಬೇಕು, ನೂಲಬೇಕು, ಪ್ರಾರ್ಥನೆ ಮಾಡಬೇಕು, ಓದಬೇಕು. ಸೇವಕರನ್ನು ಇಟ್ಟುಕೊಂಡು ಮಕ್ಕಳಿಗೆ ಸ್ವಾವಲಂಬನೆಯ ಪಾಠ ಹೇಳುವ ಸಾಲಿ ಅದಲ್ಲ.

ನೂಲುವುದನ್ನು ಈಗಿನವರು ಬರೀ ದೇಶಭಕ್ತಿಯ ಸಂಕೇತ ಎಂದು ತಿಳಿಯುತ್ತಾರೆ. ಬೆಟಗೇರಿಯ ನೇಕಾರರನ್ನು ಕೇಳಿರಿ, ಅದರ ಮರ್ಮ ಅವರು ಹೇಳುತ್ತಾರೆ. ಹಂಜಿಯಿಂದ ಎಳೆ ಎಳೆಯುವಾಗ ಕೈ ಸ್ವಲ್ಪ ಅವಸರ ಮಾಡಿದರೆ ನೂಲು ಸಣ್ಣಾಗಿ ಕಡಿಯುತ್ತದೆ, ಸ್ವಲ್ಪ ಮೈಗಳ್ಳತನ ಮಾಡಿದರೆ ದಪ್ಪಾಗಿ ಗಂಟು ಬೀಳುತ್ತದೆ. ಮಾಸ್ತರರು ಬಯ್ಯುವ ಮುಂಚೆ ನೂಲೇ ಹೇಳಿಬಿಡುತ್ತದೆ, ನಿನ್ನ ಲಕ್ಷ್ಯ ಎಲ್ಲಿತ್ತು ಅಂತ. ಬರೆದ ವಹಿಯನ್ನು ಮುಚ್ಚಿಡಬಹುದು, ನೂತ ಲಡಿಯನ್ನು ಹೆಂಗ ಮುಚ್ಚಿಡುವುದು? ಅದು ಮಗ್ಗದ ಮೇಲೆ ಹೋಗಲೇಬೇಕು, ಅಲ್ಲಿ ಗಂಟು ಕಂಡೇ ಕಾಣುತ್ತದೆ, ಅಡ್ಡಾದಿಡ್ಡಿ ನೂಲು ನೇಕಾರನ ಒಂದು ದಿನದ ಕೂಲಿ ಕೆಡಿಸುತ್ತದೆ. ತನ್ನ ಅಚ್ಚುಕಟ್ಟಿನಿಂದ ಇನ್ನೊಬ್ಬನ ಹೊಟ್ಟೆ ತುಂಬುತ್ತದೆ ಎಂದು ಹುಡುಗನಿಗೆ ಕೈಯಿಂದಲೇ ತಿಳಿಯುತ್ತದೆ. ಇವತ್ತಿಗೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಮಾಡುವಾಗ ಬಟ್ಟೆಯ ಎಳೆ ಎಣಿಸಿ, ಅಳತೆ ಹಿಡಿದು, ಬಣ್ಣ ಪರೀಕ್ಷಿಸಿ, ಹೊಂದದ್ದನ್ನು ಪಕ್ಕಕ್ಕೆ ಹಾಕುತ್ತಾರೆ. ಅಲ್ಲಿ ನೀಟು ಎಂಬುದು ಅಲಂಕಾರ ಅಲ್ಲ, ಕಾನೂನು.

ಅಂಗಡಿಕಾರರಿಗೂ ಇದು ಹೊಸ ಮಾತಲ್ಲ. ಕಿರ್ದಿ ಬರೆಯುವಾಗ ಏಳನ್ನು ಒಂದರ ಹಾಗೆ ಗೀಚಿದರೆ ಯಾರದೋ ಉದ್ರಿ ಯಾರದೋ ಮೇಲೆ ಕೂರುತ್ತದೆ. ನಮ್ಮ ಪೇಟೆಯ ಹಳೆಯ ವ್ಯಾಪಾರಿಗಳು ಮಕ್ಕಳನ್ನು ಗಲ್ಲೆಯ ಮೇಲೆ ಕೂರಿಸುವ ಮುಂಚೆ ವರ್ಷಗಟ್ಟಲೆ ಅಂಕಿ ತಿದ್ದಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಮಂಜಪ್ಪನವರು ಸಹ ಒಂದು ಥರದ ಕಿರ್ದಿ ಬರೆದಿಟ್ಟರು: 1906ರಿಂದ ಕಳೆದ ತಮ್ಮ ಮೂವತ್ತು ವರ್ಷಗಳ ಸಾರ್ವಜನಿಕ ಬಾಳಿನ ಜಮಾಖರ್ಚನ್ನು ಕಾಣಿಕೆ ಎಂದು ಕರೆದು ಪುಸ್ತಕ ಮಾಡಿ ಜನರ ಮುಂದೆ ಇಟ್ಟರು. ಸಾರ್ವಜನಿಕ ರೊಕ್ಕದ ಲೆಕ್ಕ ಒಪ್ಪಿಸಲು ಒಲ್ಲೆ ಅನ್ನುವವರೇ ಬಹಳ ಇರುವ ನಾಡಿನಲ್ಲಿ ಬಾಳಿನ ಲೆಕ್ಕವನ್ನೇ ಒಪ್ಪಿಸಿದವರು ಅವರು.

ಕೈಕೆಲಸದ ಮೂಲಕ ಓದು ಎಂಬ ವಿಚಾರವನ್ನು ಗಾಂಧೀಜಿಯವರು ದೇಶದ ಮುಂದೆ ಯೋಜನೆಯಾಗಿ ಇಟ್ಟದ್ದು 1937ರ ಅಕ್ಟೋಬರಿನ ವಾರ್ಧಾ ಸಮ್ಮೇಳನದಲ್ಲಿ. ಆಲಮಟ್ಟಿಯ ವಿದ್ಯಾಲಯ ಅದಕ್ಕೆ ಹತ್ತು ವರ್ಷ ಮೊದಲಿನದು. ಅದಕ್ಕೂ ಎಂಟು ನೂರು ವರ್ಷ ಹಿಂದಿನ ಬಸವಣ್ಣನ ಕಾಯಕ ಮಂಜಪ್ಪನವರ ಕೈಯಲ್ಲಿತ್ತು. ಗಾಂಧೀಜಿಯ ಚರಕ ಬಂದು ಅದಕ್ಕೆ ಕೂಡಿತು. ಸ್ವಾತಂತ್ರ್ಯದ ನಂತರ ನಮ್ಮ ಸೀಮೆಯ ಸಾಲಿಗಳಲ್ಲಿಯೂ ಮೂಲೋದ್ಯೋಗ ಎಂದು ತಕಲಿ ತಿರುಗಿಸುವ ತಾಸು ಇತ್ತು. ಹಿರಿಯರಲ್ಲಿ ಹಲವರಿಗೆ ನೆನಪಿರಬಹುದು. ಬರಬರುತ್ತ ಅದು ಸಾಹೇಬರಿಗೆ ತೋರಿಸುವ ತಕಲಿಯಾಗಿ, ಆಮೇಲೆ ಕಪಾಟಿನ ಮೂಲೆಯ ತಕಲಿಯಾಗಿ ಹೋಯಿತು. ಮಾಸ್ತರ ತಾನು ನೂಲದೆ ಹುಡುಗರಿಗೆ ನೂಲಿರಿ ಅಂದರೆ ಎಷ್ಟು ದಿನ ನಡೆದೀತು?

ಇಲ್ಲಿ ಒಂದು ಕಠಿಣ ಮಾತು ಬರುತ್ತದೆ. ಮಕ್ಕಳ ಕೈಯಲ್ಲಿ ಕಸಬರಿಗೆ ಕೊಡಬಹುದೋ ಬಾರದೋ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಹೊರಬಿದ್ದು ರಾಜ್ಯವೇ ತಲೆ ತಗ್ಗಿಸಿತು. ದಲಿತ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಿದ್ದರು. ಸಂಬಂಧಪಟ್ಟವರ ಮೇಲೆ ಕ್ರಮ ಆಯಿತು. ಅಂಥ ಪಾತಕದ ನಂತರ ಮಕ್ಕಳಿಗೆ ಕಸ ಗುಡಿಸಲು ಹೇಳುವುದೇ ಬ್ಯಾಡ ಎಂದು ಪಾಲಕರು ಸಿಟ್ಟಾದರೆ ಅದು ನ್ಯಾಯವೇ. ಆದರೆ ಆಲಮಟ್ಟಿಯ ರೀತಿಯನ್ನು ಇದರ ಜೊತೆ ಇಟ್ಟು ತೂಗಬೇಕು. ಒಂದು ಕಡೆ, ಮಾಸ್ತರ ಕುರ್ಚಿಯಲ್ಲಿ ಕೂತು, ಜಾತಿ ನೋಡಿ, ಬಡವರ ಮಕ್ಕಳನ್ನು ಆರಿಸಿ ಹೊಲಸಿಗೆ ದೂಡುವುದು. ಇನ್ನೊಂದು ಕಡೆ, ತಾನು ಸುಖದ ನೌಕರಿ ಬಿಟ್ಟು ಬಂದ ಮನುಷ್ಯ ಹುಡುಗರು ಬದುಕುವ ಹಾಗೆಯೇ ಬದುಕಿ, ಎಲ್ಲರಿಗೂ ಒಂದೇ ನಿಯಮ ಮಾಡುವುದು. ಎರಡರಲ್ಲೂ ಕಸಬರಿಗೆ ಇದೆ. ಮೊದಲನೆಯದು ಶಿಕ್ಷೆ, ಎರಡನೆಯದು ಶಿಕ್ಷಣ. ನಮ್ಮ ಎಷ್ಟೋ ಸಾಲಿಗಳಲ್ಲಿ ತಡವಾಗಿ ಬಂದವನಿಗೆ ಕಸ ಗುಡಿಸುವ ದಂಡ ಹಾಕುತ್ತಾರೆ. ಹಾಗೆ ಮಾಡಿದಾಗ ಗುಡಿಸುವುದು ಅವಮಾನದ ಕೆಲಸ ಎಂದು ಉಳಿದ ನಲವತ್ತು ಹುಡುಗರಿಗೆ ಪಾಠ ಹೇಳಿದ ಹಾಗೆಯೇ ಆಯಿತು. ನಮ್ಮ ಬಸ್ ಸ್ಟ್ಯಾಂಡುಗಳ ನೆ­ಲ ಯಾಕೆ ಹಾಗಿರುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಂಜಪ್ಪನವರ ರೀತಿಯನ್ನು ಎಲ್ಲಾ ಕಡೆ ನಡೆಸಲು ಬರುತ್ತದೆಯೇ ಎಂದು ಕೇಳಿದರೆ, ಇಲ್ಲ ಎನ್ನಲೇಬೇಕು. ಹೆಂಡತಿ ಮಕ್ಕಳಿಲ್ಲದ ಬ್ರಹ್ಮಚಾರಿ, ದಿನದ ಇಪ್ಪತ್ನಾಲ್ಕು ತಾಸೂ ಸಾಲಿಗೇ ಕೊಟ್ಟವರು, ಒಂದಿಷ್ಟು ಹುಡುಗರನ್ನು ತಿದ್ದಿದರು. ಇವತ್ತಿನ ಹಳ್ಳಿಯ ಮಾಸ್ತರಿಗೆ, ಅಕ್ಕೋರಿಗೆ, ಮನೆ ಇದೆ, ಸಂಸಾರ ಇದೆ, ಬೆಳಗಿನ ಬಸ್ಸು ಹಿಡಿಯುವ ಧಾವಂತ ಇದೆ; ಮೇಲೆ ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಗಣತಿಯ ಕೆಲಸ. ಅವರಿಗೆ ಆಲಮಟ್ಟಿಯನ್ನು ತೋರಿಸಿ ನೀವೂ ಹಿಂಗ ಆಗ್ರಿ ಅನ್ನುವುದು ಅನ್ಯಾಯ. ಆದರೆ ಒಂದು ಸಣ್ಣ ಸಂಗತಿ ಯಾರ ಕೈಯಲ್ಲಾದರೂ ಇದೆ. ಕರಿಹಲಗೆಯ ಮೇಲೆ ಮಾಸ್ತರ ಗೆರೆ ಎಳೆದು ನೆಟ್ಟಗೆ ಬರೆದರೆ, ಹುಡುಗರ ವಹಿಯಲ್ಲಿ ಗೆರೆ ನೆಟ್ಟಗಾಗುತ್ತದೆ. ಮಾಸ್ತರ ಹತ್ತು ನಿಮಿಷ ತಡವಾಗಿ ಬಂದರೆ ಆ ಹತ್ತು ನಿಮಿಷವನ್ನೂ ಹುಡುಗರು ಕಲಿಯುತ್ತಾರೆ. ಪಾಲಕರಿಗೂ ಇದೇ ಮಾತು. ಹುಲಕೋಟಿಯಿಂದ ಗದಗಿಗೆ ಬರುವ ಹಾದಿಯಲ್ಲಿ ಕಿಟಕಿಯಿಂದ ಶೇಂಗಾ ಸಿಪ್ಪೆ ಚೆಲ್ಲುವ ತಂದೆ, ಪಕ್ಕದಲ್ಲಿ ಕೂತ ಮಗನಿಗೆ ಸ್ವಚ್ಛತೆಯ ಪ್ರಬಂಧ ಬಾಯಿಪಾಠ ಮಾಡಿಸುತ್ತಿರುತ್ತಾನೆ. ಪ್ರಬಂಧಕ್ಕೆ ಹತ್ತಕ್ಕೆ ಒಂಬತ್ತು ಅಂಕ ಬರುತ್ತವೆ, ಬಿಡಿ.

ಕೊನೆಯ ವರ್ಷಗಳಲ್ಲಿಯೂ ಅವರ ಲೇಖಣಿ ನಿಲ್ಲಲಿಲ್ಲ. ಖಾದಿಯ ಪ್ರಚಾರಕ್ಕೆ ಖಾದಿ ವಿಜಯ, ದುಡಿಮೆಯ ವಿಚಾರಕ್ಕೆ ಉದ್ಯೋಗ, ಶರಣರ ವಿಚಾರಕ್ಕೆ ಶರಣ ಸಂದೇಶ, ಹೀಗೆ ಒಂದಾದ ಮೇಲೊಂದು ಪತ್ರಿಕೆ ನಡೆಸಿದರು. ಪತ್ರಿಕೆ ನಡೆಸಿ ಶ್ರೀಮಂತರಾದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. 1947ರ ಜನವರಿ 3ರಂದು ಆಲಮಟ್ಟಿಯಲ್ಲಿ ತೀರಿಕೊಂಡರು. ವಯಸ್ಸು ಅರವತ್ತು. ಯಾವ ಸ್ವಾತಂತ್ರ್ಯಕ್ಕಾಗಿ ಇಪ್ಪತ್ತರ ಹರೆಯದಲ್ಲಿ ಪಗಾರ ಬಿಟ್ಟಿದ್ದರೋ ಅದು ಬರಲು ಇನ್ನು ಏಳೂವರೆ ತಿಂಗಳು ಬಾಕಿ ಇತ್ತು.

ಆಮೇಲೆ ಆಲಮಟ್ಟಿಯ ಹಣೆಬರಹವೇ ಬದಲಾಯಿತು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಕಟ್ಟುವುದಕ್ಕೆ ದಶಕಗಳೇ ಹಿಡಿದವು. ನೀರು ನಿಂತು ಎಷ್ಟೋ ಊರು, ಹೊಲ, ಮನೆ ಮುಳುಗಿದವು. ಜಲಾಶಯಕ್ಕೆ ಶಾಸ್ತ್ರಿಗಳ ಹೆಸರೇ ಉಳಿಯಿತು. ಮಂಜಪ್ಪನವರು ನೋಡಿದ ಸಣ್ಣ ಹಳ್ಳಿಯ ಜಾಗದಲ್ಲಿ ಈಗ ಉದ್ಯಾನ, ಬಣ್ಣದ ಸಂಗೀತ ಕಾರಂಜಿ, ಪ್ರವಾಸಿಗರ ಬಸ್ಸು.

ನಮ್ಮ ಸಾಲಿಗಳ ಹುಡುಗರೂ ಚಳಿಗಾಲದಲ್ಲಿ ಪ್ರವಾಸಕ್ಕೆಂದು ಅಲ್ಲಿಗೆ ಹೋಗುತ್ತಾರೆ. ಕಾರಂಜಿ ನೋಡಿ, ಅಣೆಕಟ್ಟಿನ ಗೇಟು ಎಣಿಸಿ, ಬುತ್ತಿ ಬಿಚ್ಚಿ ಉಂಡು ಬರುತ್ತಾರೆ. ಅದೇ ಊರಿನಲ್ಲಿ ಮಂಜಪ್ಪ ಹರ್ಡೇಕರ ಸ್ಮಾರಕ ಪ್ರೌಢಶಾಲೆ ಎಂಬ ಫಲಕ ಇರುವ ಒಂದು ಸಾಲಿ ಇದೆ. ಕರಕೊಂಡು ಹೋಗುವ ಮಾಸ್ತರರು ಈ ಸಲ ಬಸ್ಸನ್ನು ಅಲ್ಲಿ ಒಂದು ಹತ್ತು ನಿಮಿಷ ನಿಲ್ಲಿಸಿದರೆ, ಡ್ರೈವರಣ್ಣ ಬ್ಯಾಡ ಅನ್ನಲಿಕ್ಕಿಲ್ಲ.